ಯಾವ ಶಾಫ್ಟ್ ನನ್ನ ಆಟಕ್ಕೆ ಸರಿ? ಪೂಲ್ ಕ್ಯೂ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಕದ್ರಿ, ಮಂಗಳೂರು):
ನಮಸ್ಕಾರ ಸರ್. ಕಾಲೇಜಿನಲ್ಲಿದ್ದಾಗಿನಿಂದ ಏಟ್ ಬಾಲ್ ಆಡುತ್ತಿದ್ದೇನೆ. ಈಗ ಕೆಲಸ ಮುಗಿಸಿ ಸಂಜೆ ಬಿಜೈ ಕಡೆಯ ಒಂದು ಪಾರ್ಲರ್‌ಗೆ ಹೋಗುತ್ತೇನೆ. ನನ್ನದು ಮಾಮೂಲಿ ಮೇಪಲ್ ಮರದ ಕ್ಯೂ (ಹೊಡೆಯುವ ಕೋಲು), 13 ಎಂಎಂ ಟಿಪ್ (ಬಾಲ್‌ಗೆ ತಾಗುವ ತುದಿ). ನೇರ ಪಾಟ್ (ಬಾಲನ್ನು ಪಾಕೆಟ್‌ಗೆ ಬೀಳಿಸುವ ಹೊಡೆತ) ಚೆನ್ನಾಗಿ ಬೀಳುತ್ತದೆ. ಸೈಡ್ ಹಾಕಿ, ಅಂದರೆ ಮಧ್ಯ ಬಿಟ್ಟು ಪಕ್ಕಕ್ಕೆ ಹೊಡೆದು ಬಾಲ್ ತಿರುಗಿಸಿ, ದೂರದ ಪಾಟ್ ಆಡಿದರೆ ಮಾತ್ರ ತಪ್ಪುತ್ತದೆ. ಮಣಿಪಾಲದ ಗೆಳೆಯ ಕಾರ್ಬನ್ ಶಾಫ್ಟ್ (ಕ್ಯೂವಿನ ಮುಂಭಾಗ) ತಗೊಂಡಿದ್ದಾನೆ. ಇದು ಬಂದರೆ ಎಲ್ಲ ಸರಿ ಹೋಗುತ್ತದೆ ಎನ್ನುತ್ತಾನೆ. ದುಡ್ಡು ಸಣ್ಣದಲ್ಲ ಮಾರಾಯ್ರೆ. ತಗೊಳ್ಳಬಹುದಾ?

ಉತ್ತರ (ಕ್ಯೂ ರಿಪೇರಿ, ಕೋಚಿಂಗ್):
ದುಡ್ಡು ಕೊಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಯಾವ ಶಾಫ್ಟೂ ನಿಮ್ಮ ಗುರಿಯನ್ನು ಸರಿ ಮಾಡುವುದಿಲ್ಲ. ಸೈಡ್ ಹಾಕಿದಾಗ ವೈಟ್ (ಕ್ಯೂನಿಂದ ಹೊಡೆಯುವ ಬಿಳಿ ಬಾಲ್) ಎಷ್ಟು ಪಕ್ಕಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ ಅದು ಬದಲಾಯಿಸುತ್ತದೆ.

ನೀವು ವೈಟಿನ ಬಲಭಾಗಕ್ಕೆ ಹೊಡೆದರೆ ಅದು ಕ್ಯೂ ತೋರಿಸಿದ ಗೆರೆಯಲ್ಲಿ ಹೋಗುವುದಿಲ್ಲ, ಸ್ವಲ್ಪ ಎಡಕ್ಕೆ ಹೊರಳುತ್ತದೆ. ಇದೇ ಡಿಫ್ಲೆಕ್ಷನ್. ಟಿಪ್ ಮತ್ತು ಬಾಲ್ ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರೊಳಗೆ ಬಾಲ್ ತಿರುಗಲು ಶುರುವಾಗಿ ಟಿಪ್ಪನ್ನು ಪಕ್ಕಕ್ಕೆ ತಳ್ಳುತ್ತದೆ. ಶಾಫ್ಟಿನ ತುದಿ ಭಾರ ಇದ್ದರೆ ಅದು ಸುಲಭಕ್ಕೆ ಸರಿಯುವುದಿಲ್ಲ, ಬಾಲನ್ನೇ ಆಚೆ ತಳ್ಳುತ್ತದೆ. ತುದಿ ಹಗುರ ಇದ್ದರೆ ಟಿಪ್ ತಾನೇ ಸರಿದು ಜಾಗ ಬಿಡುತ್ತದೆ. ಹಾಗಾಗಿ ಲೆಕ್ಕಕ್ಕೆ ಬರುವುದು ತುದಿಯ ಕೆಲವೇ ಇಂಚುಗಳ ಭಾರ. 1990ರ ದಶಕದಲ್ಲಿ ಪ್ರಿಡೇಟರ್ ಕಂಪನಿ 314 ಶಾಫ್ಟ್ ಮಾಡಿದಾಗ ಮರದ ಹೋಳುಗಳನ್ನು ಅಂಟಿಸಿ ತುದಿಯನ್ನು ಒಳಗಿನಿಂದ ಟೊಳ್ಳು ಮಾಡಿದ್ದು ಇದಕ್ಕೇ. ಕಾರ್ಬನ್ ಶಾಫ್ಟುಗಳೂ ತುದಿಯನ್ನು ಹಗುರ ಇಟ್ಟೇ ಈ ಕೆಲಸ ಮಾಡುತ್ತವೆ.

ಈಗ ನಿಮ್ಮ ಟೇಬಲ್ ಮೇಲೇ ಒಂದು ಪರೀಕ್ಷೆ ಮಾಡಿ. ವೈಟನ್ನು ಹೆಡ್ ಸ್ಪಾಟ್ (ಆಟ ಶುರು ಮಾಡುವ ಕಡೆಯ ಗುರುತು) ಮೇಲಿಡಿ, ಇನ್ನೊಂದು ಬಾಲನ್ನು ಎದುರಿನ ಫುಟ್ ಸ್ಪಾಟ್ (ಬಾಲ್‌ಗಳನ್ನು ಜೋಡಿಸುವ ಗುರುತು) ಮೇಲಿಡಿ. 7 ಅಡಿ ಟೇಬಲ್‌ನಲ್ಲಿ ಇವೆರಡರ ನಡುವೆ ಸುಮಾರು 1 ಮೀಟರ್ ಇರುತ್ತದೆ. ಮೊದಲು ಮಧ್ಯಕ್ಕೆ ಹೊಡೆಯಿರಿ, ಎದುರಿನ ಬಾಲ್ ನೇರ ಹಿಂದಿನ ಕುಶನ್‌ಗೆ (ಟೇಬಲ್ ಅಂಚಿಗೆ) ಹೋಗಬೇಕು. ಆಮೇಲೆ ಕ್ಯೂವಿನ ದಿಕ್ಕು ಬದಲಾಯಿಸಬೇಡಿ. ಇಡೀ ಕ್ಯೂವನ್ನು ಹಾಗೇ ಒಂದು ಟಿಪ್ಪಿನಷ್ಟು ಬಲಕ್ಕೆ ಸರಿಸಿ, ಸ್ವಲ್ಪ ಜೋರಾಗಿ ಹೊಡೆಯಿರಿ. ವೈಟ್ 2 ಡಿಗ್ರಿ ಎಡಕ್ಕೆ ಹೊರಳಿತು ಎಂದಿಟ್ಟುಕೊಳ್ಳಿ. ಎದುರಿನ ಬಾಲ್ ತಲುಪುವಷ್ಟರಲ್ಲಿ ಅದು 3 ಸೆಂಟಿಮೀಟರ್‌ಗಿಂತ ಜಾಸ್ತಿ ಸರಿದಿರುತ್ತದೆ. ಪೂಲ್ ಬಾಲ್‌ನ ಅಗಲವೇ 57 ಎಂಎಂ. ಅಂದರೆ ಅರ್ಧ ಬಾಲ್ ತಪ್ಪಿತು. ಎದುರಿನ ಬಾಲ್ ಬಲಕ್ಕೆ ಚಿಮ್ಮುತ್ತದೆ.

ಎರಡೂ ಸೈಡ್‌ಗಳಲ್ಲಿ ಇಪ್ಪತ್ತಿಪ್ಪತ್ತು ಸಲ ಹೊಡೆದು ನೋಡಿ. ಬಲ ಸೈಡ್ ಹಾಕಿದಾಗ ಪ್ರತಿ ಸಲವೂ ಬಲಕ್ಕೇ ತಪ್ಪುತ್ತಿದ್ದರೆ ನಿಮ್ಮ ಕೈ ಸರಿ ಉಂಟು, ಶಾಫ್ಟ್ ಬದಲಾಯಿಸಿದರೆ ಉಪಯೋಗ ಆಗುತ್ತದೆ. ಒಮ್ಮೆ ಬಲ, ಒಮ್ಮೆ ಎಡ ಎಂದು ಚೆದುರಿದರೆ ತೊಂದರೆ ಸ್ಟ್ರೋಕ್‌ನಲ್ಲಿದೆ. ಆಗ ಎಷ್ಟು ಬೆಲೆಯ ಶಾಫ್ಟ್ ತಂದರೂ ಚೆದುರುವುದು ನಿಲ್ಲುವುದಿಲ್ಲ.

ಪ್ರಶ್ನೆ (ಕದ್ರಿ, ಅದೇ ಸದಸ್ಯರು):
ನಿನ್ನೆ ಮಾಡಿ ನೋಡಿದೆ ಸರ್. ಬಲ ಸೈಡ್ ಹಾಕಿದರೆ ಹೆಚ್ಚುಕಮ್ಮಿ ಎಲ್ಲವೂ ಬಲಕ್ಕೇ. ಎಡ ಸೈಡ್ ಹಾಕಿದರೆ ಮಾತ್ರ ಎರಡೂ ಕಡೆ ಹೋಗುತ್ತಿದೆ. ಇದೆಂತ?

ಉತ್ತರ:
ಹಾಗಾದರೆ ವೈಟಿನ ಎಡಭಾಗಕ್ಕೆ ಗುರಿ ಇಟ್ಟಾಗ ಕೊನೇ ಕ್ಷಣದಲ್ಲಿ ನಿಮ್ಮ ಹಿಂದಿನ ಕೈ ಹೊರಳುತ್ತಿದೆ. ಬಲಗೈ ಆಟಗಾರರಲ್ಲಿ ನಾನು ಇದನ್ನು ತುಂಬಾ ನೋಡಿದ್ದೇನೆ. ಮೊಣಕೈ ಪಕ್ಕೆಗೆ ತಾಗುತ್ತದಾ ಗಮನಿಸಿ. ಗೆಳೆಯರ ಹತ್ತಿರ ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಿ. ಅದು ಸರಿಯಾಗುವವರೆಗೆ ಕಾರ್ಬನ್ ಬೇಡ.

ಸರಿಯಾದ ಮೇಲೆ, ನೀವು ನಿಜವಾಗಿ ಎಷ್ಟು ಸೈಡ್ ಆಡುತ್ತೀರಿ ನೋಡಿ ನಿರ್ಧರಿಸಿ. ಜೋರು ಸ್ಟ್ರೋಕ್, ಎರಡು ಮೂರು ಕುಶನ್ ತಿರುಗಿಸಿ ವೈಟನ್ನು ಜಾಗಕ್ಕೆ ತರುವ ಆಟ ನಿಮ್ಮದಾದರೆ ಲೋ ಡಿಫ್ಲೆಕ್ಷನ್ ಶಾಫ್ಟ್ (ತುದಿ ಹಗುರ ಇರುವುದು) ಒಳ್ಳೆಯದು. ಗುರಿಯಲ್ಲಿ ಲೆಕ್ಕ ಹಾಕಿ ಬಿಡಬೇಕಾದ ಅಂತರ ಕಡಿಮೆಯಾಗುತ್ತದೆ. ಮೆಲ್ಲಗೆ ಉರುಳಿಸಿ, ಮಧ್ಯಗೆರೆಯಲ್ಲೇ ಟಾಪ್ (ವೈಟಿನ ಮೇಲ್ಭಾಗಕ್ಕೆ), ಸ್ಕ್ರೂ (ಕೆಳಭಾಗಕ್ಕೆ) ಹಾಕಿ ಆಡುವವರಿಗೆ ಒಳ್ಳೆ ಮೇಪಲ್ ಸಾಕು. ಅವರ ಹತ್ತಿರ ಹೊಸದು ಖರೀದಿ ಮಾಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಇದಕ್ಕೊಂದು ಕಾರಣ ಉಂಟು. ಮೆಲ್ಲಗೆ ಸೈಡ್ ಹೊಡೆದಾಗ ವೈಟ್ ಮೊದಲು ಹೊರಗೆ ಹೋಗಿ, ಆಮೇಲೆ ಟೇಬಲ್ ಬಟ್ಟೆಯ ಹಿಡಿತಕ್ಕೆ ಬಾಗಿ ವಾಪಸ್ ಬರುತ್ತದೆ. ಮಾಮೂಲಿ ಶಾಫ್ಟ್‌ನಲ್ಲಿ ಈ ಹೋಗುವುದು ಬರುವುದು ಒಂದಕ್ಕೊಂದು ಹೆಚ್ಚುಕಮ್ಮಿ ವಜಾ ಆಗುತ್ತದೆ. ಲೋ ಡಿಫ್ಲೆಕ್ಷನ್‌ನಲ್ಲಿ ಹೊರಗೆ ಹೋಗುವುದು ಕಡಿಮೆ, ಬಾಗುವುದು ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಮೆಲ್ಲನೆಯ ಶಾಟ್ ಇನ್ನೊಂದು ಕಡೆಗೆ ತಪ್ಪುತ್ತದೆ. ಹೊಸ ಶಾಫ್ಟ್ ತಂದವರು "ಜೋರಿನದು ಬೀಳುತ್ತದೆ, ಮೆಲ್ಲನೆಯದು ಬೀಳುವುದಿಲ್ಲ" ಎಂದು ನನ್ನ ಹತ್ತಿರ ಬರುವುದು ಇದಕ್ಕೇ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ತೇವ ಹೀರಿ ಹಿಡಿಯುತ್ತದೆ ಅಲ್ವಾ, ಆಗ ಬಾಗುವುದು ಇನ್ನೂ ಬೇಗ ಶುರುವಾಗುತ್ತದೆ.

ಪ್ರಶ್ನೆ (ಸುರತ್ಕಲ್):
ತೆಳು ಶಾಫ್ಟ್ ಆದರೆ ಸ್ಪಿನ್ ಜಾಸ್ತಿ ಬರುತ್ತದೆ ಎಂದು ಹಾಸ್ಟೆಲ್‌ನಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಾಗಿ 11.8 ಎಂಎಂ ನೋಡುತ್ತಿದ್ದೇನೆ.

ಉತ್ತರ:
ಸ್ಪಿನ್ ಬರುವುದು ಟಿಪ್ ಬಾಲ್‌ನ ಮಧ್ಯದಿಂದ ಎಷ್ಟು ದೂರ ತಾಗಿತು ಎಂಬುದರಿಂದ. ಶಾಫ್ಟ್ ದಪ್ಪವೋ ತೆಳುವೋ, ಒಂದೇ ಜಾಗಕ್ಕೆ ಒಂದೇ ವೇಗದಲ್ಲಿ ತಾಗಿದರೆ ಸ್ಪಿನ್ ಹೆಚ್ಚುಕಮ್ಮಿ ಒಂದೇ. ತೆಳು ಟಿಪ್‌ನಲ್ಲಿ ತಾಗುವ ಜಾಗ ಕಣ್ಣಿಗೆ ಸ್ಪಷ್ಟ ಕಾಣುತ್ತದೆ, ಧೈರ್ಯದಿಂದ ಹೊರಗೆ ಹೊಡೆಯುತ್ತೀರಿ. ಅದರಿಂದ ಸ್ಪಿನ್ ಜಾಸ್ತಿ ಬಂದಂತೆ ಅನಿಸುತ್ತದೆ. ಆದರೆ ಸಣ್ಣ ತಪ್ಪಿಗೂ ಅದು ಶಿಕ್ಷೆ ಕೊಡುತ್ತದೆ.

ಪ್ರಿಡೇಟರ್‌ನ ರೆವೋ ಎಂಬ ಕಾರ್ಬನ್ ಶಾಫ್ಟ್‌ನಲ್ಲೇ 11.8, 12.4, 12.9 ಎಂದು ಮೂರು ಅಳತೆ ಉಂಟು. ಕಲಿಯುತ್ತಿರುವವರಿಗೆ ನಾನು ಹೇಳುವುದು 12.4ರ ಆಸುಪಾಸು. ಯಾವ ಕಂಪನಿಯದಾದರೂ ಪರವಾಗಿಲ್ಲ.

ಪ್ರಶ್ನೆ (ಉಡುಪಿ):
ನಾನು ಪಂಕಜ್ ಅಡ್ವಾಣಿಯವರ ಆಟ ನೋಡಿ ಸ್ನೂಕರ್‌ಗೆ ಬಂದವನು. ಈಗ ಇಲ್ಲಿ ಆಡಲು ಸಿಗುವುದು ಜಾಸ್ತಿ ಪೂಲ್ ಟೇಬಲ್. 9.5 ಎಂಎಂ ಟಿಪ್ಪಿನ ಆ್ಯಶ್ ಮರದ ಕ್ಯೂನಲ್ಲೇ ಆಡಿದರೆ ಆಗುತ್ತದಾ?

ಉತ್ತರ:
ಆಡಬಹುದು, ಬ್ರೇಕ್ (ಆಟ ಶುರುವಿನ ಜೋರು ಹೊಡೆತ) ಮಾತ್ರ ಬೇಡ. ಪೂಲ್ ಬಾಲ್ ಸ್ನೂಕರ್ ಬಾಲ್‌ಗಿಂತ ದೊಡ್ಡದು, ಭಾರ. ಸ್ನೂಕರ್ ಬಾಲ್ 52.5 ಎಂಎಂ. ಅಷ್ಟು ಸಣ್ಣ ಟಿಪ್ ಬೇಗ ಚಪ್ಪಟೆಯಾಗಿ ಅಂಚು ಹೊರಗೆ ಬರುತ್ತದೆ.

ಬ್ರೇಕ್‌ಗೆ ಪಾರ್ಲರ್ ಕ್ಯೂ ಸಾಕು. ಬೇರೆ ಶಾಫ್ಟ್ ತಗೊಳ್ಳುವುದಾದರೆ ಟೇಪರ್ (ತುದಿಯಿಂದ ಹಿಂದಕ್ಕೆ ದಪ್ಪವಾಗುವ ರೀತಿ) ನೋಡಿ. ಸ್ನೂಕರ್‌ನವರು ಓಪನ್ ಬ್ರಿಡ್ಜ್, ಹೆಬ್ಬೆರಳಿನ ಸಂದಿಯಲ್ಲಿ ಕ್ಯೂ ಇಟ್ಟು ಆಡುತ್ತಾರೆ. ಅದಕ್ಕೆ ತುದಿಯಿಂದ ಒಂದೇ ಸಮ ದಪ್ಪವಾಗುತ್ತಾ ಹೋಗುವ ಕೋನಿಕಲ್ ಟೇಪರ್, 12 ಎಂಎಂ ಒಳಗಿನದು, ಕೈಗೆ ಬೇಗ ಒಗ್ಗುತ್ತದೆ. ತೋರುಬೆರಳು ಸುತ್ತಿ ಹಿಡಿಯುವ ಕ್ಲೋಸ್ಡ್ ಬ್ರಿಡ್ಜ್‌ನವರಿಗೆ ಪ್ರೋ ಟೇಪರ್ ಬೇಕು. ಅದರಲ್ಲಿ ಮೊದಲ 10ರಿಂದ 14 ಇಂಚು ಒಂದೇ ದಪ್ಪ ಇರುತ್ತದೆ, ಬೆರಳಿನ ಉಂಗುರದಲ್ಲಿ ಬಿಗಿ ಸಡಿಲ ಆಗುವುದಿಲ್ಲ.

ಪ್ರಶ್ನೆ (ಮಲ್ಪೆ):
ನನ್ನ ಕೈ ಚಿಕ್ಕದು, ಬೆವರು ಜಾಸ್ತಿ. ಕ್ಲೋಸ್ಡ್ ಬ್ರಿಡ್ಜ್ ಹಿಡಿದರೆ ಕ್ಯೂ ಅಂಟುತ್ತದೆ. ಪಾರ್ಲರ್‌ನ ಹುಡುಗರು ಶಾಫ್ಟ್‌ಗೆ ಸ್ಯಾಂಡ್‌ಪೇಪರ್ ಹಾಕಿಕೊಡುತ್ತೇವೆ ಎನ್ನುತ್ತಾರೆ.

ಉತ್ತರ:
ದಯವಿಟ್ಟು ಬೇಡ ಮೇಡಂ. ರಿಪೇರಿಗೆ ಬರುವ ಶಾಫ್ಟುಗಳಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸುವುದು ಇದೇ. ಕ್ಯಾಲಿಪರ್ ಹಿಡಿದು ಅಳೆದರೆ ಫೆರೂಲ್ (ಟಿಪ್ ಕೂರುವ ಬಳೆ) ಹತ್ತಿರ 12.9 ಎಂಎಂ, ಕೈ ಆಡುವ ಜಾಗದಲ್ಲಿ 12.5, ಮತ್ತೆ ಮುಂದೆ ದಪ್ಪ. ಮಧ್ಯದಲ್ಲಿ ಸೊಂಟ ಬಂದಿರುತ್ತದೆ. ಉಜ್ಜಿದ ಮರವನ್ನು ವಾಪಸ್ ಹಾಕಲು ಆಗುವುದಿಲ್ಲ. ಮೇಲಿನ ಸೀಲ್ ಹೋದ ಮೇಲೆ ನಮ್ಮ ಮಳೆಗಾಲದ ತೇವ ಸೀದಾ ಒಳಗೆ ಇಳಿಯುತ್ತದೆ.

ಪೌಡರ್ ಕೂಡ ಬೇಡ, ಬೆವರಿಗೆ ಸೇರಿ ಅಂಟಾಗುತ್ತದೆ, ಟೇಬಲ್ ಬಟ್ಟೆಯೂ ಹಾಳು. ಮೂರು ಬೆರಳಿನ ಗ್ಲೋವ್ ಹಾಕಿ. ಶಾಫ್ಟನ್ನು ಸ್ವಲ್ಪ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಬಿಸಿಯಾಗುವಷ್ಟು ಉಜ್ಜಿ. ಚಿಕ್ಕ ಕೈಗೆ 12ರ ಸುಮಾರಿನ ಪ್ರೋ ಟೇಪರ್ ಚೆನ್ನಾಗಿ ಕೂರುತ್ತದೆ. ಕರಾವಳಿಯಲ್ಲಿ ಕಾರ್ಬನ್‌ಗೆ ದುಡ್ಡು ಹಾಕಲು ಒಪ್ಪುವ ಕಾರಣ ಇದ್ದರೆ ಅದು ನಿಮ್ಮಂಥವರದು. ಅದು ತೇವ ಹೀರುವುದಿಲ್ಲ, ಬಾಗುವುದಿಲ್ಲ, ಒರೆಸಿದರೆ ಹೊಸದರಂತೆ ಜಾರುತ್ತದೆ. ಹೊಡೆತದ ಸದ್ದು ಮಾತ್ರ ಬೇರೆ. ಕೆಲವರಿಗೆ ಅದು ಕೊನೆಯವರೆಗೂ ಹಿಡಿಸುವುದಿಲ್ಲ, ಹಾಗಾಗಿ ಯಾರದ್ದಾದರೂ ಕೇಳಿ ಒಂದು ಸಂಜೆ ಆಡಿ ನೋಡಿ.

ಪ್ರಶ್ನೆ (ಕದ್ರಿ, ಅದೇ ಸದಸ್ಯರು):
ಕೊನೆಯದಾಗಿ ಸರ್. ಮುಂದೆ ಬರೀ ಶಾಫ್ಟ್ ಆನ್‌ಲೈನ್‌ನಲ್ಲಿ ತರಿಸಿದರೆ ನನ್ನ ಹಳೇ ಬಟ್‌ಗೆ (ಕ್ಯೂವಿನ ಹಿಂಭಾಗಕ್ಕೆ) ಕೂರುತ್ತದಾ?

ಉತ್ತರ:
ಪಿನ್ (ಬಟ್ ಮತ್ತು ಶಾಫ್ಟ್ ಜೋಡಿಸುವ ತಿರುಪು) ನೋಡದೆ ಆರ್ಡರ್ ಮಾಡಬೇಡಿ. 5/16 ಇಂಚು ದಪ್ಪದ ಪಿನ್‌ನಲ್ಲೇ ಇಂಚಿಗೆ 14 ಸುತ್ತಿನದು, 18 ಸುತ್ತಿನದು ಎಂದು ಎರಡು ಉಂಟು, ನೋಡಲು ಎರಡೂ ಒಂದೇ ಥರ. ಪಿನ್ ಪಕ್ಕ ಸ್ಕೇಲ್ ಇಟ್ಟು ಅರ್ಧ ಇಂಚಿನಲ್ಲಿ ಎಷ್ಟು ಸುತ್ತು ಉಂಟು ಎಣಿಸಿ. 7 ಬಂದರೆ 14ರದು, 9 ಬಂದರೆ 18ರದು. ಪಿನ್ ದಪ್ಪ ಇದ್ದು ಅರ್ಧ ಇಂಚಿಗೆ 5 ಸುತ್ತು ಬಂದರೆ 3/8, 10ರದ್ದು ಇರಬಹುದು. ರೇಡಿಯಲ್, ಯೂನಿಲಾಕ್ ಪಿನ್‌ಗಳು ಬೇರೆಯೇ. ತಪ್ಪು ಶಾಫ್ಟನ್ನು ಒತ್ತಿ ತಿರುಗಿಸಿದರೆ ಒಳಗಿನ ಥ್ರೆಡ್ ಹಾಳಾಗುತ್ತದೆ. ಜಾಯಿಂಟ್ ಕಾಲರ್‌ನ (ಜೋಡಿಸುವ ಜಾಗದ ಬಳೆಯ) ಅಳತೆಯೂ ಬೇಕು, ಇಲ್ಲದಿದ್ದರೆ ಜೋಡಿಸಿದಲ್ಲಿ ಮೆಟ್ಟಿಲು ಬಂದು ಕೈಗೆ ತಾಗುತ್ತದೆ.

ಸಂಶಯ ಇದ್ದರೆ ಪಿನ್ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಎಡ ಸೈಡಿನ ವಿಡಿಯೋ ಕೂಡ ಹಾಕಿ.