ನೋಂದಣಿಯಾಗದ ಬಾಡಿಗೆ ಚೀಟು ಸಾಕ್ಷ್ಯವಾಗುತ್ತದೆಯೇ?

ಪ್ರಶ್ನೆ:
ಕಾಸರಗೋಡು ಪೇಟೆಯಲ್ಲಿ ನಾನು ಹೊಲಿಗೆ ಅಂಗಡಿ ನಡೆಸುವ ಕೋಣೆಯನ್ನು ಕಟ್ಟಡದ ಮಾಲಕರು 2023ರಲ್ಲಿ ಐದು ವರ್ಷದ ವಾಯಿದೆಗೆ ಕೊಟ್ಟಿದ್ದರು. ಛಾಪಾ ಕಾಗದದಲ್ಲಿ ಕನ್ನಡದಲ್ಲಿಯೇ ಚೀಟು ಬರೆದು ಇಬ್ಬರೂ ಸಹಿ ಹಾಕಿದೆವು, ನೋಂದಣಿ ಮಾತ್ರ ಮಾಡಿಸಲಿಲ್ಲ. ಈಗ ಮಗನ ವ್ಯಾಪಾರಕ್ಕೆ ಕೋಣೆ ಬೇಕೆಂದು ವಕೀಲರ ನೋಟೀಸು ಬಂದಿದ್ದು, ಚೀಟು ನೋಂದಣಿಯಾಗದ ಕಾರಣ ನಾನು ಬಾಡಿಗೆದಾರನೇ ಅಲ್ಲ ಎಂದು ಅದರಲ್ಲಿ ಬರೆದಿದ್ದಾರೆ. ತಿಂಗಳು ತಿಂಗಳು ಬಾಡಿಗೆ ಪಡೆದು ಅವರೇ ಸಹಿ ಹಾಕಿದ ಪುಸ್ತಕ ನನ್ನಲ್ಲಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1:
ಬಾಡಿಗೆದಾರನೇ ಅಲ್ಲ ಎಂಬ ಮಾತು ನಿಲ್ಲುವುದಿಲ್ಲ. ಒಂದು ವರ್ಷ ಮೀರಿದ ಗೇಣಿಗೆ 1908ರ ನೋಂದಣಿ ಕಾಯಿದೆಯ 17ನೇ ಕಲಮಿನಂತೆ ನೋಂದಣಿ ಕಡ್ಡಾಯ. ಆಗದಿದ್ದರೆ 49ನೇ ಕಲಮು ಅಡ್ಡ ಬರುವುದರಿಂದ ಐದು ವರ್ಷದ ವಾಯಿದೆಯನ್ನು ಆ ಚೀಟಿನ ಬಲದಿಂದ ನೀವು ಕೇಳುವಂತಿಲ್ಲ. ಆದರೆ ಕೋಣೆ ಯಾರ ಸ್ವಾಧೀನದಲ್ಲಿದೆ, ಆ ಸ್ವಾಧೀನ ಯಾವ ಬಗೆಯದು ಎಂಬಂತಹ ಆನುಷಂಗಿಕ ವಿಷಯಗಳಿಗೆ ಅದೇ ಚೀಟನ್ನು ನೋಡಬಹುದು. ಕೇರಳದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಆಂತೋಣಿ ವಿರುದ್ಧ ಕೆ.ಸಿ. ಇಟ್ಟೂಪ್ ಆ್ಯಂಡ್ ಸನ್ಸ್ (2000) ಪ್ರಕರಣದಲ್ಲಿಯೂ ನೋಂದಣಿಯಾಗದ ಐದು ವರ್ಷದ ಗೇಣಿಪತ್ರವೇ ಇತ್ತು. ಸ್ವಾಧೀನ ಕೊಟ್ಟು ಬಾಡಿಗೆ ಪಡೆದ ಮೇಲೆ ಬಾಡಿಗೆ ಸಂಬಂಧ ಹುಟ್ಟಿದೆ, ಅದನ್ನು ತಿಂಗಳ ಬಾಡಿಗೆಯೆಂದು ಭಾವಿಸಬೇಕು ಎಂದು ಅಲ್ಲಿ ತೀರ್ಪಾಯಿತು. ಹಾಗಾಗಿ ನಿಮ್ಮ ಪುಸ್ತಕವೇ ಚೀಟಿಗಿಂತ ದೊಡ್ಡ ಆಧಾರ.

ಉತ್ತರ 2:
ಛಾಪಾ ಕಾಗದದ ಮೌಲ್ಯವನ್ನೂ ನೋಡಿಕೊಳ್ಳಿ. ಮುದ್ರಾಂಕ ಶುಲ್ಕ ಕಡಿಮೆಯಾಗಿದ್ದರೆ ಕೊರತೆಯನ್ನೂ ದಂಡವನ್ನೂ ಕಟ್ಟುವವರೆಗೆ ಆನುಷಂಗಿಕ ವಿಷಯಕ್ಕೂ ಚೀಟನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ನೋಂದಣಿಯ ಲೋಪಕ್ಕಿರುವ ವಿನಾಯಿತಿ ಇದಕ್ಕಿಲ್ಲ, ಹಲವರು ಎಡವುವುದು ಇಲ್ಲಿಯೇ.

ಉತ್ತರ 3:
ನನ್ನ ಅಭಿಪ್ರಾಯದಲ್ಲಿ ನಿಜವಾದ ವಾದ ಚೀಟಿನ ಮೇಲೆ ನಡೆಯುವುದಿಲ್ಲ. 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯಿದೆಯ 11(3)ರಡಿ ಮಗನ ಅಗತ್ಯ ಪ್ರಾಮಾಣಿಕವೆಂದು ಮಾಲಕರೇ ತೋರಿಸಬೇಕು. ಅದೇ ಪೇಟೆಯಲ್ಲಿ ಅವರ ಕೈಯಲ್ಲಿ ಬೇರೆ ಕೋಣೆ ಖಾಲಿಯಿದ್ದರೆ, ವಿಶೇಷ ಕಾರಣವಿಲ್ಲದೆ ನಿಮ್ಮನ್ನು ಒಕ್ಕಲೆಬ್ಬಿಸುವ ಆದೇಶ ಸಿಗದು. ನೀವು ಮುಖ್ಯವಾಗಿ ಈ ಅಂಗಡಿಯ ಆದಾಯದಿಂದಲೇ ಬದುಕುತ್ತಿದ್ದೀರಿ, ಸುತ್ತಮುತ್ತ ಬೇರೆ ಅನುಕೂಲವಾದ ಕೋಣೆ ಸಿಗುತ್ತಿಲ್ಲ ಎಂಬ ಎರಡನ್ನೂ ರುಜುವಾತುಪಡಿಸಿದರೆ ನಿಮಗೆ ರಕ್ಷಣೆಯಿದೆ; ಅದರ ಹೊಣೆ ನಿಮ್ಮದು, ಒಂದು ತಪ್ಪಿದರೂ ಫಲವಿಲ್ಲ. ಆದ್ದರಿಂದ ಕೋಣೆ ಹುಡುಕಿದ್ದಕ್ಕೆ ಇಂದಿನಿಂದಲೇ ದಾಖಲೆ ಇಟ್ಟುಕೊಳ್ಳಿ, ಬಾಡಿಗೆ ಬಾಕಿಯಾಗಲು ಬಿಡಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಪುಸ್ತಕ ತೆರೆದು ನೋಡಿದಾಗ ಕಳೆದ ಎರಡು ತಿಂಗಳ ಸಾಲಿನಲ್ಲಿ ಮೊತ್ತ ಮಾತ್ರ ಇದೆ, ಮಾಲಕರ ಸಹಿಯಿಲ್ಲ. ಈ ತಿಂಗಳ ಬಾಡಿಗೆಯನ್ನು ಅವರ ಬ್ಯಾಂಕ್ ಖಾತೆಗೇ ಕಟ್ಟಿ ರಶೀದಿ ಇಟ್ಟುಕೊಳ್ಳುತ್ತೇನೆ.