ತಣ್ಣೀರಿನ ಗ್ರೀನ್ ಟೀ ಕಂದು ಆಗುತ್ತಿದೆ, ಮೇಲೆ ಪದರ ಕಟ್ಟುತ್ತಿದೆ: ತಪ್ಪು ಎಲೆಯದಾ, ನೀರಿನದಾ?

ಗುಮ್ಮಟದ ಓಣಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಮೂರು ಸಲ ಮಾಡಿದೆ, ಮೂರು ಸಲವೂ ಕೆಟ್ಟಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮಾವನವರಿಗೆ ದಿನಕ್ಕೆ ನಾಲ್ಕೈದು ಸಲ ಚಹಾ ಬೇಕು. ಈ ಬಿಸಿಲಿಗೆ ಅವರೇ ಬೇಸತ್ತು, "ಬಿಸಿ ಚಾ ಕುಡಿಯಾಕ ಆಗವಲ್ದು, ತಣ್ಣಗ ಏನರೆ ಮಾಡಿಕೊಡವಾ" ಅಂದರು. ತಣ್ಣೀರಿನಲ್ಲಿ ನೆನೆಸಿದ ಗ್ರೀನ್ ಟೀ ತಿಳಿಯಾಗಿ, ಕಹಿ ಇಲ್ಲದೆ ಬರುತ್ತದೆ ಅಂತ ಕೇಳಿದ್ದೆ. ಅಂಗಡಿಯಿಂದ ಬಿಡಿ ಎಲೆಯ ಪೊಟ್ಟಣ ತಂದೆ, ನೀಲಗಿರಿಯದು.

ಒಂದು ಲೀಟರಿನ ಗಾಜಿನ ಬಾಟಲಿಗೆ ನಾಲ್ಕು ಚಮಚ ತುಂಬಾ ಎಲೆ ಹಾಕಿದೆ. ಎಲೆ ಚೆನ್ನಾಗಿ ಬಿಟ್ಟುಕೊಳ್ಳಲಿ ಅಂತ ಮೊದಲು ಕಾಲು ಬಾಟಲಿ ಕುದಿಯುವ ನೀರು ಹಾಕಿ, ಐದು ನಿಮಿಷ ಬಿಟ್ಟು, ಮೇಲೆ ತಣ್ಣೀರು ತುಂಬಿಸಿದೆ. ರಾತ್ರಿ 9ಕ್ಕೆ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ 11ಕ್ಕೆ ತೆಗೆದೆ. ಬಣ್ಣ ಬೆಲ್ಲದ ನೀರಿನ ಹಾಗಿತ್ತು, ಮಬ್ಬು ಮಬ್ಬು. ಮೇಲೆ ತೆಳ್ಳನೆಯ ಪದರ. ಗ್ಲಾಸು ಓರೆ ಮಾಡಿದರೆ ಆ ಪದರ ಚೂರು ಚೂರಾಗಿ ಒಡೆದು ಅಂಚಿಗೆ ಅಂಟಿಕೊಳ್ಳುತ್ತದೆ. ಕುಡಿದರೆ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆಯೆಲ್ಲ ಒಗರು.

ಎರಡನೇ ಸಲವೂ ಹೀಗೇ ಆಯಿತು. ಮೂರನೇ ಸಲ ಬಿಸಿನೀರು ಹಾಕಲೇ ಇಲ್ಲ. ಕಹಿ ಅರ್ಧ ಇಳಿಯಿತು, ಆದರೆ ಬಣ್ಣ ಮತ್ತು ಪದರ ಹಾಗೇ ಇವೆ. ಎಲೆಯೇ ಹಳೆಯದಾ? ಪೊಟ್ಟಣ ಬದಲಿಸಲಾ?

ಟಿಳಕವಾಡಿ, ಬೆಳಗಾವಿ

ಅಕ್ಕಾವ್ರೆ, ಪೊಟ್ಟಣ ಈಗಲೇ ಬಿಸಾಡಬೇಡಿ. ನಾನೂ ನೀಲಗಿರಿ ಎಲೆಯನ್ನೇ ತರುತ್ತೇನೆ. ನಲ್ಲಿ ನೀರು ಕಾಯಿಸಿ ಆರಿಸಿ, ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಸೋಸುತ್ತೇನೆ. ತಿಳಿ ಹಸಿರು ಹಳದಿ ಬಣ್ಣ ಬರುತ್ತದೆ, ಪದರ ಒಮ್ಮೆಯೂ ಕಟ್ಟಿಲ್ಲ.

ಬಿಸಿನೀರು ಬಿಟ್ಟದ್ದು ಒಳ್ಳೆಯದಾಯಿತು. ಗ್ರೀನ್ ಟೀಯ ಒಗರು ಬರುವುದು ಕ್ಯಾಟೆಚಿನ್ ಅನ್ನುವ ಅಂಶದಿಂದ. ಕುದಿಯುವ ನೀರು ಅದನ್ನು ಗಬಗಬ ಎಳೆದುಕೊಳ್ಳುತ್ತದೆ. ಅದಕ್ಕೇ ಬಿಸಿ ಗ್ರೀನ್ ಟೀಗೂ 70ರಿಂದ 80 ಡಿಗ್ರಿ ಸಾಕು ಅನ್ನುತ್ತಾರೆ. ತಣ್ಣೀರಿಗೆ ಕ್ಯಾಟೆಚಿನ್ ಮತ್ತು ಕೆಫೀನ್ ಕಡಿಮೆ ಬಿಡುತ್ತವೆ. ಸಿಹಿ ಛಾಯೆ ಕೊಡುವ ಥಿಯನಿನ್ ಮಾತ್ರ ತಣ್ಣೀರಿನಲ್ಲೂ ಚೆನ್ನಾಗಿ ಇಳಿಯುತ್ತದೆ. ಮಜಾ ಇರುವುದೇ ಅಲ್ಲಿ.

ಮಬ್ಬಿಗೂ ಬಿಸಿನೀರಿನ ಪಾಲು ಇದೆ. ಬಿಸಿಯಲ್ಲಿ ಕರಗಿದ ಕ್ಯಾಟೆಚಿನ್ ಮತ್ತು ಕೆಫೀನ್ ತಣ್ಣಗಾದಾಗ ಒಂದಕ್ಕೊಂದು ಅಂಟಿ ನೀರು ಕಲಕಿದ ಹಾಗೆ ಕಾಣುತ್ತದೆ. ಆದರೆ ಮೂರನೇ ಸಲದ ಪದರ ಯಾಕೆ ಬಂತು ಅಂತ ನನಗೆ ಹೊಳೆಯುತ್ತಿಲ್ಲ.

ನವನಗರ, ಬಾಗಲಕೋಟೆ

ನನಗೆ ನೀರಿನ ಮೇಲೇ ಅನುಮಾನ. ಅಕ್ಕಾ, ಯಾವ ನೀರು ಹಾಕಿದಿರಿ? ಬೋರ್ ನೀರಾ, ನಲ್ಲಿ ನೀರಾ? ಆ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಾ? ಅದರಲ್ಲಿ ತೊಗರಿ ಬೇಳೆ ಬೇಗ ಬೇಯುತ್ತದಾ?

ಗುಮ್ಮಟದ ಓಣಿ, ವಿಜಯಪುರ

ಬೋರ್ ನೀರೇ ಹಾಕಿದ್ದು! ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ತುಂಬಿಸಿದ್ದನ್ನು ಕುಡಿಯಲಿಕ್ಕೆ ಮತ್ತು ಬೇಳೆ ಬೇಯಿಸಲಿಕ್ಕೆ ಎತ್ತಿಡುತ್ತೇವೆ. ಬೋರ್ ನೀರಿನಲ್ಲಿ ಬೇಳೆ ಎಷ್ಟು ಸೀಟಿ ಹೊಡೆಸಿದರೂ ಗಟ್ಟಿ ಗಟ್ಟಿ. ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಸುಣ್ಣ ಬಳಿದ ಹಾಗಿದೆ. ಚಹಾಕ್ಕೆ ನಡೆಯುತ್ತದೆ ಅಂತ ಅಂದುಕೊಂಡಿದ್ದೆ.

ನವನಗರ, ಬಾಗಲಕೋಟೆ

ಹಾಲಿನ ಚಹಾಕ್ಕೆ ನಡೆಯುತ್ತದೆ ನಿಜ. ಹಾಲು, ಸಕ್ಕರೆ, ಶುಂಠಿ ಎಲ್ಲ ಸೇರಿ ನೀರಿನ ತಪ್ಪನ್ನು ಮುಚ್ಚುತ್ತವೆ. ಗ್ರೀನ್ ಟೀಯಲ್ಲಿ ಮುಚ್ಚಲಿಕ್ಕೆ ಏನೂ ಇಲ್ಲ. ಇರುವುದು ಎಲೆ ಮತ್ತು ನೀರು ಎರಡೇ.

ನಮ್ಮ ಎರಡೂ ಜಿಲ್ಲೆಗಳ ಬೋರ್ ನೀರು ಬಹಳ ಕಡೆ ಗಡಸು. ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಜೊತೆಗೆ ಬೈಕಾರ್ಬನೇಟ್ ಇರುವುದರಿಂದ ನೀರು ಸ್ವಲ್ಪ ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರದಲ್ಲಿ ಚಹಾದ ಅಂಶ ಗಾಳಿ ತಾಗಿ ಬೇಗ ಕಂದಾಗುತ್ತದೆ. ಕೊಯ್ದ ಬದನೆಕಾಯಿ ಕಪ್ಪಾಗುತ್ತದಲ್ಲ, ಸುಮಾರಾಗಿ ಹಾಗೆ. ಕ್ಯಾಲ್ಸಿಯಂ ಆ ಅಂಶದ ಜೊತೆ ಸೇರಿ ನೀರಿನ ಮೇಲೆ ಪದರ ಕಟ್ಟುತ್ತದೆ. ನೀವು ಹೇಳಿದ ಚೂರು ಚೂರಾಗಿ ಒಡೆಯುವ ಪದರ ಅದೇ. ಬೆಳಗಾವಿಯವರಿಗೆ ಪದರ ಯಾಕೆ ಕಟ್ಟುವುದಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಅವರ ನಲ್ಲಿಗೆ ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಬರುತ್ತದೆ. ನಿಮ್ಮದು ನೆಲದೊಳಗಿನ ನೀರು.

ಒಂದು ಚಿಕ್ಕ ಪರೀಕ್ಷೆ ಮಾಡಿ. ಕೆಟ್ಟುಹೋದ ಚಹಾ ಉಳಿದಿದ್ದರೆ ಅರ್ಧ ಗ್ಲಾಸಿಗೆ ನಾಲ್ಕು ಹನಿ ಲಿಂಬೆರಸ ಹಿಂಡಿ. ಬಣ್ಣ ತಿಳಿಯಾಗಿ ಪದರ ಕರಗಿದರೆ ತಪ್ಪು ನೀರಿನದೇ.

ಜಮಖಂಡಿ

ಫ್ರಿಜ್ ಯಾಕೆ ಬೇಕು? ಬಾಟಲಿಯನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಡಿ. ಎರಡು ತಾಸಿಗೆ ಬಣ್ಣ ಇಳಿಯುತ್ತದೆ. ಆಮೇಲೆ ಐಸ್ ಹಾಕಿದರೆ ಆಯಿತು.

ನವನಗರ, ಬಾಗಲಕೋಟೆ

ಸರ್, ಇದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಬಿಸಿಲಿಗಿಟ್ಟ ಬಾಟಲಿಯ ನೀರು ಬೆಚ್ಚಗಾಗುತ್ತದೆ, ಕುದಿಯುವುದಿಲ್ಲ. 5ರಿಂದ 60 ಡಿಗ್ರಿ ನಡುವೆ ರೋಗಾಣು ಬೆಳೆಯುತ್ತವೆ. ಬಿಸಿಲಿನ ಬಾಟಲಿ ಆ ನಡುವೆಯೇ ಕೂತಿರುತ್ತದೆ. ಮನೆಯಲ್ಲಿ ವಯಸ್ಸಾದವರು ಕುಡಿಯುವಾಗ ಅದು ಬೇಡವೇ ಬೇಡ.

ತಣ್ಣೀರಿನ ವಿಧಾನದಲ್ಲೂ ಎಲೆ ಕುದಿಯುವುದಿಲ್ಲ ಅನ್ನುವುದು ನೆನಪಿರಲಿ. ಅದಕ್ಕೆ ಕಾಯಿಸಿ ಆರಿಸಿದ ನೀರು ಹಾಕಿ, ಬಾಟಲಿ ಚೆನ್ನಾಗಿ ತೊಳೆದಿರಲಿ, ನೆನೆಯುವಷ್ಟು ಹೊತ್ತೂ ಫ್ರಿಜ್‌ನಲ್ಲೇ ಇರಲಿ. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ, ಸುಮಾರು 4 ತಾಸು ತಂಪು ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದರೆ ಆ ಬಾಟಲಿ ಚೆಲ್ಲಿಬಿಡಿ. ಸೋಸಿದ ಮೇಲೆ 24 ತಾಸಿನೊಳಗೆ ಮುಗಿಸಿ.

ಜಮಖಂಡಿ

ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೂ ನಿಲ್ಲಿಸುತ್ತೇನೆ.

ಗುಮ್ಮಟದ ಓಣಿ, ವಿಜಯಪುರ

ಲಿಂಬೆ ಹಿಂಡಿ ನೋಡಿದೆ. ಇಂಡಿ ಕಡೆಯ ಲಿಂಬೆ ಮನೆಯಲ್ಲಿ ಯಾವಾಗಲೂ ಇರುತ್ತದೆ. ಕಣ್ಣೆದುರಿಗೇ ಬಣ್ಣ ತಿಳಿಯಾಯಿತು! ಪದರ ಅಂಚಿನಿಂದ ಕರಗುತ್ತಾ ಹೋಯಿತು. ಮಾವನವರು ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಹಾಗಾದರೆ ಬೋರ್ ನೀರನ್ನೇ ಕಾಯಿಸಿ ಆರಿಸಿ ಹಾಕಿದರೆ ಸಾಕಾ? ಇಲ್ಲಾ ಕ್ಯಾನ್ ನೀರು ತರಿಸಲಾ?

ನವನಗರ, ಬಾಗಲಕೋಟೆ

ಕಾಯಿಸಿದರೆ ಗಡಸಿನ ಒಂದು ಭಾಗ ಹೋಗುತ್ತದೆ. ಬೈಕಾರ್ಬನೇಟ್ ಒಡೆದು ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ. ನಿಮ್ಮ ಹಂಡೆಯಲ್ಲಿ ಕೂತಿರುವುದು ಅದೇ. ಉಳಿದ ಲವಣ ಕಾಯಿಸಿದರೆ ಹೋಗುವುದಿಲ್ಲ. ಹಾಗಾಗಿ ಪೂರ್ತಿ ಸವಳು ನೀರಾದರೆ ಎಷ್ಟು ಕಾಯಿಸಿದರೂ ಚಹಾ ಸರಿಯಾಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರು ಸಿಗದಿದ್ದರೆ 600ರ ತನಕ ನಡೆಯುತ್ತದೆ. ಟಿಡಿಎಸ್ ಮೀಟರ್ ಒಟ್ಟು ಲವಣ ಮಾತ್ರ ತೋರಿಸುತ್ತದೆ, ಗಡಸು ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಅದನ್ನು ಕೊಳ್ಳುವ ಬದಲು ನಾಲಿಗೆಯನ್ನೇ ನಂಬಿ.

ಮೂರು ಬಾಟಲಿ ಇಡಿ. ಒಂದರಲ್ಲಿ ಬೋರ್ ನೀರು ಕಾಯಿಸಿದ್ದು, ಒಂದರಲ್ಲಿ ನಲ್ಲಿ ನೀರು ಕಾಯಿಸಿದ್ದು, ಒಂದರಲ್ಲಿ ಆರ್‌ಓ ಕ್ಯಾನ್ ನೀರು. ಕಾಯಿಸಿದ ನೀರು ಪೂರ್ತಿ ಆರಿ ತಿಳಿಯಾಗಲಿ. ಅಲುಗಾಡಿಸದೆ ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಳ್ಳಿ, ತಳದ ಎರಡು ಬೆರಳು ನೀರು ಬಿಡಿ. ಅರ್ಧ ಲೀಟರಿಗೆ 5 ಗ್ರಾಂ ಎಲೆ ಸಾಕು. ನೀವು ಮೊದಲು ಹಾಕಿದ್ದೂ ಜಾಸ್ತಿಯೇ ಇರಬೇಕು.

ಟಿಳಕವಾಡಿ, ಬೆಳಗಾವಿ

ತೂಕಕ್ಕೆ ತಕ್ಕಡಿ ಇಲ್ಲದಿದ್ದರೆ ನಾನು ಮಾಡುವ ಹಾಗೆ ಮಾಡಿ. 100 ಗ್ರಾಂ ಪೊಟ್ಟಣವನ್ನು ಒಣ ಪೇಪರ್ ಮೇಲೆ ಸುರಿದು ಸಮನಾಗಿ 10 ಪಾಲು ಮಾಡಿ. ಒಂದು ಪಾಲು ಒಂದು ಲೀಟರಿಗೆ. ಚಮಚ ನಂಬಬೇಡಿ, ಸುರುಳಿ ಎಲೆ ಮತ್ತು ಪುಡಿ ಎಲೆ ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಪಾಲುಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಗುರೆಳ್ಳು ಚಟ್ನಿ, ಮಸಾಲೆ ಖಾರದ ಪಕ್ಕದಲ್ಲಿ ಮಾತ್ರ ಬೇಡ, ಎಲೆ ವಾಸನೆ ಎಳೆದುಕೊಳ್ಳುತ್ತದೆ.

14 ತಾಸೂ ಬೇಡ. 4 ತಾಸಾದ ಮೇಲೆ ತಾಸಿಗೊಮ್ಮೆ ಒಂದು ಚಮಚ ರುಚಿ ನೋಡಿ. ನನ್ನ ಎಲೆಗೆ 6 ತಾಸು ಸರಿ ಬರುತ್ತದೆ. ಟೀ ಬ್ಯಾಗ್ ಆದರೆ ಒಳಗೆ ಪುಡಿ ಎಲೆ ಇರುವುದರಿಂದ ಇನ್ನೂ ಬೇಗ.

ಗುಮ್ಮಟದ ಓಣಿ, ವಿಜಯಪುರ

ನಿನ್ನೆ ನಲ್ಲಿ ನೀರು ಬಂತು. ಮೂರೂ ಬಾಟಲಿ ಇಟ್ಟೆ, 6 ತಾಸು. ಬಾಟಲಿಗೆ ಚೀಟಿ ಅಂಟಿಸಿ, ಮಾವನವರಿಗೆ ಯಾವುದು ಯಾವುದು ಅಂತ ಹೇಳದೆ ಕೊಟ್ಟೆ.

ಬೋರ್ ನೀರಿನದು ಮೊದಲಿಗಿಂತ ಎಷ್ಟೋ ವಾಸಿ. ಪದರ ತೀರಾ ತೆಳ್ಳಗೆ, ಆದರೆ ಬಣ್ಣ ಇನ್ನೂ ಕಂದು, ಕೊನೆಯಲ್ಲಿ ಸವಳು ರುಚಿ. ಕ್ಯಾನ್ ನೀರಿನದು ಕನ್ನಡಿಯಷ್ಟು ತಿಳಿ, ಕಹಿ ಒಂಚೂರೂ ಇಲ್ಲ, ಆದರೆ ಸಪ್ಪೆ. ನಲ್ಲಿ ನೀರಿನದನ್ನು ಮಾವನವರು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಡಲೇ ಇಲ್ಲ. ನಾನೂ ಕುಡಿದೆ. ಹಸಿ ಜೋಳದ ತೆನೆಯ ಹಾಲಿನಂಥ ಸಣ್ಣ ಸಿಹಿ ಇದೆ. ಬಣ್ಣ ಮಾತ್ರ ಬಹಳ ತಿಳಿ. ಇದು ಸರೀನಾ, ಇನ್ನೂ ಇಳಿಯಬೇಕಾ?

ನವನಗರ, ಬಾಗಲಕೋಟೆ

ಅದೇ ಸರಿಯಾದ ಬಣ್ಣ. ಬಣ್ಣಕ್ಕಾಗಿ ಎಲೆ ಜಾಸ್ತಿ ಮಾಡಬೇಡಿ. ನಲ್ಲಿ ನೀರು ಸಾಲದ ವಾರ ಕ್ಯಾನ್ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸಿ, ಸಪ್ಪೆ ಹೋಗುತ್ತದೆ. ಊಟದ ಜೊತೆ ಮಾತ್ರ ಕೊಡಬೇಡಿ, ಒಂದು ತಾಸು ಬಿಟ್ಟು ಕೊಡಿ. ಚಹಾದ ಅಂಶ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ.

ಗುಮ್ಮಟದ ಓಣಿ, ವಿಜಯಪುರ

ಆಯಿತು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಕೊಡುತ್ತೇನೆ. ನಲ್ಲಿ ನೀರು ಬಂದ ದಿನ ಬೇಳೆಯ ಕೊಡದ ಪಕ್ಕದಲ್ಲಿ ಚಹಾಕ್ಕೆ ಅಂತ ಇನ್ನೊಂದು ಚಿಕ್ಕ ಕೊಡ ಇಟ್ಟಿದ್ದೇನೆ. ಮಾವನವರೇ ಅದರ ಮೇಲೆ ತಟ್ಟೆ ಮುಚ್ಚಿ ಹೋದರು.