‘ಸುಂಕದ’ ಅನ್ನುವ ಅಡ್ಡಹೆಸರಿನ ಮೂಲ ಹುಡುಕುವುದು ಹೇಗೆ? ಗೊತ್ತಿದ್ದವರು ಹೇಳಿ

ಕೇಳಿದವರು: ನಮ್ಮ ಮನೆತನದ ಅಡ್ಡಹೆಸರು ‘ಸುಂಕದ’. ಹಿರಿಯರು ಗದಗ ಕಡೆಯವರು. ಊರಲ್ಲಿ ಈಗ ಮನೆ ಇಲ್ಲ, ಒಂದು ತುಂಡು ಹೊಲ ಮಾತ್ರ ಉಳಿದಿದೆ. ಈ ಹೆಸರಿನ ಅರ್ಥವೇನು, ಎಲ್ಲಿಂದ ಬಂತು, ಇದೇ ಹೆಸರಿನವರು ಎಷ್ಟು ಮಂದಿ ಇರಬಹುದು? ಅಂತರ್ಜಾಲದಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಪದಪ್ರಿಯ: ವ್ಯಾಕರಣದಿಂದ ಶುರು ಮಾಡಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಅಡ್ಡಹೆಸರುಗಳು ಷಷ್ಠಿ ವಿಭಕ್ತಿಯಲ್ಲೇ ನಿಂತುಬಿಟ್ಟಿವೆ. ಮುಂದೆ ಇರಬೇಕಾದ ‘ಮನೆಯವರು’ ಬಿದ್ದುಹೋಗಿದೆ. ಬೆಲ್ಲ–ಬೆಲ್ಲದ, ಉಪ್ಪು–ಉಪ್ಪಿನ, ಗೌಡರು–ಗೌಡರ. ಅಕಾರಾಂತ ನಪುಂಸಕ ಪದಕ್ಕೆ ‘ದ’, ಉಕಾರಾಂತಕ್ಕೆ ‘ಇನ’. ಹಾಗಾಗಿ ಜೋಳದ ತೆನೆಯಲ್ಲಿರುವ, ಮೈಗೆ ತಾಗಿದರೆ ತುರಿಸುವ ‘ಸುಂಕು’ ನಿಮ್ಮ ಹೆಸರಿನ ಮೂಲ ಅಲ್ಲ. ಅದಾಗಿದ್ದರೆ ‘ಸುಂಕಿನ’ ಆಗಬೇಕಿತ್ತು. ಬಳ್ಳಾರಿ, ಕರ್ನೂಲು ಕಡೆಯ ಸುಂಕಣ್ಣ, ಸುಂಕಪ್ಪಗಳೂ ಬೇರೆಯೇ. ಅವು ಸುಂಕಲಮ್ಮ ದೇವಿಯಿಂದ ಬಂದ ಹೆಸರುಗಳು.

ಕೊನೆಗೆ ಉಳಿಯುವುದು ಸುಂಕ, ಸರಕಿನ ಮೇಲಿನ ತೆರಿಗೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಅನ್ನುವ ಗಾದೆಯಲ್ಲಿ ಇರುವವನೇ ಈ ಸುಂಕದವ. ಜನ ಅವನನ್ನು ಪ್ರೀತಿಯಿಂದ ನೆನೆಸಿಕೊಂಡಿಲ್ಲ ಬಿಡಿ! ಆದರೂ ಮೂರು ಸಾಧ್ಯತೆ ಇವೆ: ವಸೂಲಿ ಕೆಲಸವೇ ವಂಶಪಾರಂಪರ್ಯವಾಗಿದ್ದ ಮನೆ, ವಸೂಲಿಯನ್ನು ಗುತ್ತಿಗೆ ಹಿಡಿದ ವ್ಯಾಪಾರಿ ಮನೆ, ಇಲ್ಲವೇ ಸುಂಕದ ಕಟ್ಟೆಯ ಪಕ್ಕದಲ್ಲಿದ್ದ ಮನೆ. ಇದರಲ್ಲಿ ಯಾವುದು ಎಂದು ನಿಘಂಟು ಹೇಳುವುದಿಲ್ಲ. 1894ರ ಕಿಟೆಲ್ ನಿಘಂಟು, ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಎರಡನ್ನೂ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ.

ಕಲ್ಬರಹ: ಗದಗ ಕಡೆಯವರು ಎಂದಿರಿ. ಗದಗ, ಲಕ್ಕುಂಡಿ ಎಲ್ಲ ‘ಬೆಳ್ವೊಲ ಮುನ್ನೂರು’ ಎಂಬ ಹಳೆಯ ನಾಡಿನ ಸೀಮೆ, ಲಕ್ಷ್ಮೇಶ್ವರ ‘ಪುಲಿಗೆರೆ ಮುನ್ನೂರು’ ನಾಡಿನದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳೂ ‘ಸುಂಕವೆರ್ಗಡೆ’ ಎಂಬ ಅಧಿಕಾರಿಯೂ ಮತ್ತೆ ಮತ್ತೆ ಬರುತ್ತಾರೆ. ಮುಂಬಯಿ ಕರ್ನಾಟಕದ ಶಾಸನಗಳಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18, 20ನೇ ಸಂಪುಟ ತೆಗೆಯಿರಿ. ಕೊನೆಯ ಸೂಚಿಯಲ್ಲಿ ಊರಿನ ಹೆಸರು ಹಿಡಿದು ಹೋದರೆ ಬೇಗ ಸಿಗುತ್ತದೆ.

ಹೆಚ್ಚಿನವರು ಜಾರುವುದು ಇಲ್ಲೇ. ಹನ್ನೊಂದನೇ ಶತಮಾನದ ಕಲ್ಲಿನಲ್ಲಿ ಸುಂಕವೆರ್ಗಡೆ ಸಿಕ್ಕ ಕೂಡಲೇ ‘ಇವರೇ ನಮ್ಮ ಮೂಲಪುರುಷರು’ ಎಂದು ಬರೆದುಬಿಡುತ್ತಾರೆ. ಕಲ್ಲು ಸಾಬೀತು ಮಾಡುವುದು ಹುದ್ದೆ ಇತ್ತು ಎಂಬುದನ್ನು ಮಾತ್ರ. ಆ ಹುದ್ದೆಗೂ ನಿಮ್ಮ ಮನೆಗೂ ನಡುವಿನ ಕೊಂಡಿ ಬೇರೆ ಕಡೆ ಸಿಗಬೇಕು. ಇನ್ನೊಂದು ಮಾತು: ಮರಾಠರ ಆಡಳಿತದಲ್ಲಿ ಇದೇ ತೆರಿಗೆಗೆ ‘ಜಕಾತಿ’ ಎಂಬ ಹೆಸರು ಬಂತು. ‘ಜಕಾತಿ’ ಅಡ್ಡಹೆಸರಿನವರೂ ಇದ್ದಾರೆ. ನಿಮ್ಮಲ್ಲಿ ಕನ್ನಡ ಪದವೇ ಉಳಿದಿರುವುದನ್ನು ನೋಡಿದರೆ, ಹೆಸರು ಕೊಟ್ಟದ್ದು ಕಚೇರಿಯಲ್ಲ, ಊರ ಬಾಯಿ ಎಂದು ನನ್ನ ಊಹೆ. ಊಹೆ ಅಷ್ಟೇ.

ಕಡತಗಾರ: ಹೊಲ ಉಳಿದಿದೆ ಎಂದಿರಲ್ಲ, ಅದೇ ನಿಮ್ಮ ದೊಡ್ಡ ಆಸ್ತಿ. ಪಹಣಿಯಿಂದ ಹಿಂದಕ್ಕೆ ಹೋಗಿ:

ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ ಇರುತ್ತದೆ. ಅಲ್ಲಿರುವ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರ್ ಬರೆದುಕೊಳ್ಳಿ. ಊರು, ಸರ್ವೆ ನಂಬರ್, ಮ್ಯುಟೇಷನ್ ನಂಬರ್ ಮೂರನ್ನೂ ಹಾಕಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ನಕಲಿಗಾಗಿ ಅರ್ಜಿ ಕೊಡಿ. ಬಂದ ನಕಲಿನಲ್ಲಿ ಅದರ ಹಿಂದಿನ ನಂಬರ್ ಇರುತ್ತದೆ, ಮತ್ತೆ ಅದಕ್ಕೆ ಅರ್ಜಿ. ವಾರಸಾ ನೋಂದಣಿ ಆದ ಮ್ಯುಟೇಷನ್ ಸಿಕ್ಕರೆ ತಂದೆ, ಮಕ್ಕಳು, ವಿಧವೆಯರು ಎಲ್ಲರ ಹೆಸರೂ ಒಂದೇ ಕಡೆ ಸಿಗುತ್ತದೆ.

ತಪ್ಪುವುದು ಎಲ್ಲೆಂದರೆ, ಈಗಿನ 45/2ಅ ಎಂಬ ಹಿಸ್ಸಾ ನಂಬರ್ ಹಳೆಯ ಕಾಗದದಲ್ಲಿ ಇರುವುದಿಲ್ಲ. ಬರೀ 45 ಎಂದು ಕೇಳಬೇಕು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನದು ಧಾರವಾಡ ಜಿಲ್ಲೆಯ ಹೆಸರಿನಲ್ಲಿ ಇರುತ್ತದೆ. 1956ಕ್ಕೂ ಹಿಂದೆ ಈ ಭಾಗ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿಯೂ ಎದುರಾಗಬಹುದು. ಫೋಟೊ ತೆಗೆದುಕೊಂಡು ಮೋಡಿ ಓದಬಲ್ಲವರಿಗೆ ತೋರಿಸಿ, ನಿಮ್ಮ ಹೆಸರಿನ ಸಾಲನ್ನಷ್ಟೇ ಅಲ್ಲ, ಇಡೀ ಪುಟ ಓದಿಸಿ. ಪಕ್ಕದ ಹೊಲದವರ ಹೆಸರಿನಲ್ಲೇ ಎಷ್ಟೋ ಸಲ ಸುಳಿವು ಇರುತ್ತದೆ.

ಅಡ್ಡಹೆಸರು ಯಾವ ತಲೆಮಾರಿನಲ್ಲಿ ಮೊದಲು ಕಾಣಿಸಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಅದಕ್ಕೂ ಹಿಂದೆ ಬರೀ ‘ಇಂಥವನು ಬಿನ್ ಇಂಥವನು’ ಎಂದಿದ್ದರೆ ಗಾಬರಿ ಬೇಡ. ಶಾಲೆಯ ದಾಖಲಾತಿ ರಿಜಿಸ್ಟರನ್ನೂ ನೋಡಿ. ಮೇಷ್ಟ್ರು ಬರೆದದ್ದೇ ಖಾಯಂ ಆಗಿ, ಅಣ್ಣತಮ್ಮಂದಿರಿಗೇ ಬೇರೆ ಬೇರೆ ಅಡ್ಡಹೆಸರು ಬಿದ್ದ ಮನೆಗಳು ಬೇಕಾದಷ್ಟಿವೆ.

ಹುಬ್ಬಳ್ಳಿಯವ: ಕಾಗದ ಆತು ಸರ್, ಹೆಳವರನ್ನ ಯಾಕ ಮರತ್ರಿ? ಎತ್ತಿನ ಮ್ಯಾಲೆ ಬಂದು ಮನಿತನದ ವಂಶಾವಳಿ ಹೇಳೋರು ಅವರ. ಇಂಥಾ ಊರು ಇಂಥಾ ಹೆಳವರ ಮನಿಗೆ ಅಂತ ಹಂಚಿಕಿ ಇರತೈತಿ, ಹಂಗಾಗಿ ಕಂಡ ಹೆಳವನ್ನ ಕೇಳಿದ್ರ ಉಪಯೋಗ ಇಲ್ಲ. ಹೊಲ ಇರೋ ಊರಾಗ ಹಳೇ ಮನಿತನದವರನ್ನ ‘ನಿಮ್ಮ ಹೆಳವ ಯಾವ ಊರಾಂವ, ಯಾವಾಗ ಬರ್ತಾನ’ ಅಂತ ಕೇಳ್ರಿ. ಸುಗ್ಗಿ ಮುಗದ ಮ್ಯಾಲೆ ಬರೋದು ಹೆಚ್ಚು. ಕಾಳುಕಡಿ, ಅರಿವಿ, ಈಗೀಗ ರೊಕ್ಕ ಕೊಡೋದು ರೂಢಿ.

ನಾಕು ವಿಷಯ ಕೇಳ್ರಿ: ಮೂಲ ಊರು, ಬೆಡಗು (ಅಂದ್ರ ಗೋತ್ರ ಇದ್ದಂಗ), ಮನಿದೇವರು, ಎಲ್ಲಿ ಕವಲು ಒಡದ್ರು. ಹೊಗಳಿಕಿ ಪದ ಬಿಟ್ಟುಬಿಡ್ರಿ, ಹೆಸರಿನ ಸಾಲು ಅಷ್ಟ ಬರಕೊಂಡು ಮ್ಯುಟೇಷನ್ ಜೋಡಿ ತಾಳೆ ನೋಡ್ರಿ. ಹೆಳವರ ಲೆಕ್ಕದಾಗ ಇಸವಿ ಸಿಗೂದಿಲ್ಲ.

ಎಣಿಕೆ: ಎಷ್ಟು ಮಂದಿ ಎಂಬ ಪ್ರಶ್ನೆಗೆ: ಭಾರತದ ಜನಗಣತಿ ಅಡ್ಡಹೆಸರುಗಳ ಪಟ್ಟಿ ಪ್ರಕಟಿಸುವುದಿಲ್ಲ. ‘ಜಗತ್ತಿನಲ್ಲಿ ಇಷ್ಟು ಜನ’ ಎನ್ನುವ ತಾಣಗಳದ್ದು ಅಂದಾಜು, ಅದೂ ಇಂಗ್ಲಿಷ್ ಕಾಗುಣಿತದ ಮೇಲೆ. ಕೊನೆಯಲ್ಲಿ ‘ಎ’ ಇದ್ದರೆ ಒಂದು ಹೆಸರು, ಇಲ್ಲದಿದ್ದರೆ ಇನ್ನೊಂದು ಎಂದು ಎಣಿಸುತ್ತವೆ.

ನಂಬಬಹುದಾದದ್ದು ಮತದಾರರ ಪಟ್ಟಿ. ರಾಜ್ಯದ 224 ಕ್ಷೇತ್ರಗಳನ್ನೂ ಜಾಲಾಡಲು ಹೋಗಬೇಡಿ, ಮೂಲ ಊರು ಇರುವ ಕ್ಷೇತ್ರ ಮತ್ತು ಅದಕ್ಕೆ ತಾಗಿದ ಕ್ಷೇತ್ರಗಳು ಸಾಕು. ಈಗಿನ ಪಿಡಿಎಫ್‌ಗಳು ಹೆಚ್ಚಾಗಿ ಚಿತ್ರರೂಪದವು, ಪದ ಹಾಕಿ ಹುಡುಕಲು ಆಗುವುದಿಲ್ಲ, ಕಣ್ಣಿನಲ್ಲೇ ನೋಡಬೇಕು. ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದಾಗ ಹೆಸರು ಕೆಟ್ಟಿರುತ್ತದೆ: ‘ಸುಂಕಡ’, ‘ಸಂಕದ’, ‘ಸುಂಕದ್’ ಮೂರನ್ನೂ ಎಣಿಕೆಗೆ ತೆಗೆದುಕೊಳ್ಳಿ. ಆದರೆ ‘ಸಂಕದ’ ಎಲ್ಲವೂ ನಿಮ್ಮವರಲ್ಲ, ಕಾಲುಸಂಕದಿಂದ (ಹಳ್ಳ ದಾಟುವ ಕಿರುಸೇತುವೆ) ಬಂದದ್ದೂ ಇರಬಹುದು. ತಲೆ ಎಣಿಸದೆ ಮನೆ ನಂಬರ್ ಹಿಡಿದು ಮನೆ ಎಣಿಸಿ, ಇಲ್ಲದಿದ್ದರೆ ಒಂದು ದೊಡ್ಡ ಕುಟುಂಬವೇ ಲೆಕ್ಕ ಏರಿಸಿಬಿಡುತ್ತದೆ. ಸಿಕ್ಕವರ ವಿವರ ಮಾತ್ರ ಇಲ್ಲಿ ಹಾಕಬೇಡಿ.

ಕೇಳಿದವರು: ಮನೆದೇವರು ಗೊತ್ತಿದೆ, ಬೆಡಗು ಗೊತ್ತಿಲ್ಲ. ಬೇರೆ ಊರಿನ ‘ಸುಂಕದ’ ಮನೆಯವರು ಸಿಕ್ಕರೆ ನಮ್ಮವರೇ ಎಂದುಕೊಳ್ಳಬಹುದೇ?

ಕಡತಗಾರ: ಹೆಸರೊಂದೇ ಸಾಲದು. ಸುಂಕದ ಕಟ್ಟೆ ಸಂತೆಯೂರುಗಳಲ್ಲೆಲ್ಲ ಇತ್ತು, ಹೆಸರೂ ಹಲವು ಕಡೆ, ಬೇರೆ ಬೇರೆ ಜಾತಿಗಳಲ್ಲಿ ತಾನಾಗಿ ಹುಟ್ಟಿರಬಹುದು. ಮೊದಲು ಮನೆದೇವರು ಕೇಳಿ, ಊರು ಬಿಟ್ಟವರೂ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಅದು ಕೂಡಿದರೆ ಅವರ ಬೆಡಗು ಕೇಳಿ. ಇಬ್ಬರ ನಡುವೆ ಹಿಂದೆ ಹೆಣ್ಣು ಕೊಟ್ಟು ತಂದದ್ದಿದೆಯೇ ಎಂದೂ ವಿಚಾರಿಸಿ. ಸಂಬಂಧ ಬೆಳೆಸಿದ್ದರೆ ಬೆಡಗು ಬೇರೆ, ಅಲ್ಲಿಗೆ ಅಣ್ಣತಮ್ಮಿಕೆಯ ಮಾತು ಮುಗಿಯಿತು. ಬೆಡಗೂ ಒಂದೇ ಆಗಿದ್ದರೆ ಅವರ ಹೊಲದ ಹಳೆಯ ಮ್ಯುಟೇಷನ್ ತೆಗೆಸಿ ನಿಮ್ಮದರ ಪಕ್ಕದಲ್ಲಿಟ್ಟು ನೋಡಿ.